ಆರಿಸುವವರ ಪಾಡು

ಹತ್ತೊಂಬತ್ತು ವರ್ಷದ ಹುಡುಗನ ಭವಿಷ್ಯವನ್ನು ಕಂಡು ಹೇಳಬಲ್ಲೆವೆಂದು ನಂಬಿದವರು ಲೋಕದಲ್ಲಿ ಬಹಳ ಮಂದಿಯಿಲ್ಲ. ಜಾತಕ ಬರೆಯುವ ಜೋಯಿಸರುಂಟು. ಮಗಳಿಗೆ ಗಂಡು ಹುಡುಕುತ್ತಿರುವ ತಂದೆಯುಂಟು. ಇವರ ಸಾಲಿಗೆ ಸೇರಿಸಬೇಕಾದ ಮೂರನೆಯ ಬಗೆಯ ಜನ ಅಮೆರಿಕದಲ್ಲಿದ್ದಾರೆ. ಬ್ಯಾಸ್ಕೆಟ್‌ಬಾಲ್ ಆಟವನ್ನೇ ವೃತ್ತಿಯಾಗಿ ಆಡುವ ತಂಡಗಳಿಗೆ ಹೊಸ ಹುಡುಗರನ್ನು ನೋಡಿ, ತೂಗಿ, ಆರಿಸಿಕೊಡುವ ಪರೀಕ್ಷಕರು ಅವರು. ಜೋಯಿಸರ ಮಾತು ಸುಳ್ಳಾದರೆ ಗ್ರಹಗಳ ಮೇಲೆ ಹೊರಿಸಬಹುದು. ಅಳಿಯ ಕೆಟ್ಟವನಾದರೆ ಮಗಳ ಹಣೆಬರಹವೆಂದು ನಿಟ್ಟುಸಿರಿಡಬಹುದು. ಪರೀಕ್ಷಕನಿಗೆ ಈ ಎರಡು ಸೌಕರ್ಯಗಳೂ ಇಲ್ಲ. ಅವನು ಬೇಡವೆಂದು ಬಿಟ್ಟ ಹುಡುಗ ಮುಂದಿನ ಹದಿನೈದು ವರ್ಷ ಎದುರಾಳಿಯ ಅಂಗಿ ತೊಟ್ಟು, ಸಾವಿರಾರು ಜನರ ಮುಂದೆ, ಅವನ ತಪ್ಪನ್ನು ವಾರಕ್ಕೆ ಮೂರು ಸಲ ಸಾರುತ್ತಿರುತ್ತಾನೆ.

ಈ ಆಯ್ಕೆಗೆ ಅಲ್ಲಿ ‘ಡ್ರಾಫ್ಟ್’ ಎಂದು ಹೆಸರು. 1947ರಲ್ಲಿ ಆರಂಭವಾದ ಪದ್ಧತಿ. ಎನ್.ಬಿ.ಎ. ಎಂಬ ಒಕ್ಕೂಟದ 30 ತಂಡಗಳು ವರ್ಷಕ್ಕೊಮ್ಮೆ ಸೇರಿ, ಎರಡು ಸುತ್ತಿನಲ್ಲಿ, ಸರದಿಯಂತೆ ಒಬ್ಬೊಬ್ಬ ತರುಣನನ್ನು ತಮ್ಮವನನ್ನಾಗಿ ಮಾಡಿಕೊಳ್ಳುತ್ತವೆ. ಹುಡುಗನಿಗೆ ಇಂಥ ಊರೇ ಬೇಕೆಂದು ಕೇಳುವ ಹಕ್ಕಿಲ್ಲ. ಕರೆದವರ ಮನೆಗೆ ಹೋಗಬೇಕು. ಏರ್ಪಾಡಿನಲ್ಲಿ ಒಂದು ಔದಾರ್ಯವೂ ಉಂಟು. ಹಿಂದಿನ ವರ್ಷ ಹೆಚ್ಚು ಸೋತವರಿಗೆ ಮೊದಲ ಪಂಕ್ತಿಯಲ್ಲಿ ಎಲೆ. ಗೆದ್ದವರು ಕೊನೆಯ ಪಂಕ್ತಿಗೆ ಕಾಯಬೇಕು. ಆದರೆ ಮೊದಲ ಎಲೆಯ ಆಸೆಯಿಂದ ಬೇಕೆಂದೇ ಸೋಲುವವರು ಹುಟ್ಟಿಕೊಂಡರೆ? ಈ ಶಂಕೆ ಬಲವಾದ ಮೇಲೆ 1985ರಲ್ಲಿ ಚೀಟಿ ಎತ್ತುವ ಕ್ರಮ ಬಂದಿತು. ಮುಂದೆ ಅದು ಗಣಿತದ ಸಹಾಯ ಪಡೆದು ಬೆಳೆಯಿತು. ಹದಿನಾಲ್ಕು ಸಣ್ಣ ಚೆಂಡುಗಳಲ್ಲಿ ನಾಲ್ಕನ್ನು ಎತ್ತುವುದು. ಹಾಗೆ ಎತ್ತುವುದಕ್ಕೆ 1001 ಬಗೆಗಳಿವೆ. ಹೆಚ್ಚು ಸೋತ ತಂಡದ ಪಾಲಿಗೆ ಅವುಗಳಲ್ಲಿ ಹೆಚ್ಚು ಬಗೆಗಳು ಬರುತ್ತವೆ. 1984ರವರೆಗೆ ಇಷ್ಟೆಲ್ಲ ಆಡಂಬರವಿರಲಿಲ್ಲ. ಪೂರ್ವ ವಿಭಾಗದಲ್ಲಿ ಎಲ್ಲರಿಗಿಂತ ಹಿಂದುಳಿದ ತಂಡ, ಪಶ್ಚಿಮ ವಿಭಾಗದಲ್ಲಿ ಹಿಂದುಳಿದ ತಂಡ, ಇವೆರಡರ ನಡುವೆ ಒಂದು ನಾಣ್ಯ ಚಿಮ್ಮುತ್ತಿದ್ದರು. ತಲೆಯೋ ಬಾಲವೋ, ಅಷ್ಟೆ.

ಹುಡುಗರನ್ನು ಪರೀಕ್ಷಿಸುವ ವೈಖರಿಯನ್ನು ನೋಡಿದರೆ ಹಳೆಯ ಕಾಲದ ವಧೂಪರೀಕ್ಷೆಯ ನೆನಪಾಗುವುದು ಸಹಜ. ಪಾದರಕ್ಷೆ ಬಿಚ್ಚಿಸಿ ಎತ್ತರ ಅಳೆಯುತ್ತಾರೆ. ಎರಡು ತೋಳುಗಳನ್ನೂ ಚಾಚಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆಯುತ್ತಾರೆ. ನಿಂತಲ್ಲಿಂದ ಎಷ್ಟು ಎತ್ತರ ನೆಗೆಯುವನು, ಎಷ್ಟು ಬೇಗ ಓಡುವನು, ಎಷ್ಟು ಭಾರ ಎತ್ತುವನು ಎಂಬುದೆಲ್ಲ ದಾಖಲಾಗುತ್ತದೆ. ವೈದ್ಯರು ಕೀಲುಗಳನ್ನು ತಿರುಗಿಸಿ ನೋಡುತ್ತಾರೆ. ಹಾಡು ಹೇಳಿಸುವುದೊಂದು ಬಾಕಿ. ಇದಾದ ಮೇಲೆ ಹೋಲಿಕೆಯ ಕೆಲಸ ಆರಂಭವಾಗುತ್ತದೆ. ಈ ಹುಡುಗ ಇಂಥ ಹಳೆಯ ಆಟಗಾರನ ಪಡಿಯಚ್ಚು, ಆ ಹುಡುಗ ಮತ್ತೊಬ್ಬನಂತೆ ಎಂದು ಪತ್ರಿಕೆಗಳೂ ಪಂಡಿತರೂ ಬರೆಯುತ್ತಾರೆ. ತೊಟ್ಟಿಲಲ್ಲಿರುವ ಮಗುವಿನ ಮೂಗನ್ನು ನೋಡಿ ಥೇಟ್ ಅವರಜ್ಜನದೇ ಎನ್ನುವ ಬಂಧುಗಳ ಮಾತಿಗಿಂತ ಈ ಮಾತಿಗೆ ಹೆಚ್ಚಿನ ಆಧಾರವಿರುತ್ತದೆಂದು ಹೇಳುವುದು ಕಷ್ಟ.

ಆರಿಸುವವರ ಪಾಡನ್ನು ತಿಳಿಯಬೇಕಾದರೆ ಪೋರ್ಟ್‌ಲೆಂಡ್ ನಗರದ ಕತೆಯನ್ನು ಕೇಳಬೇಕು. ಅಮೆರಿಕದ ವಾಯವ್ಯದಲ್ಲಿ, ಆರೆಗಾನ್ ರಾಜ್ಯದ ಊರು. ಅಲ್ಲಿಯ ತಂಡದ ಹೆಸರು ಟ್ರೈಲ್ ಬ್ಲೇಜರ್ಸ್. 1974ರಲ್ಲಿ ಮೊದಲ ಸರದಿ ಇವರಿಗೆ ಬಂದಾಗ ಬಿಲ್ ವಾಲ್ಟನ್ ಎಂಬ ಸುಮಾರು ಏಳಡಿಯ ತರುಣನನ್ನು ಆರಿಸಿದರು. ಬುಟ್ಟಿಯ ಕೆಳಗೆ ನಿಂತು, ಬಂದ ಚೆಂಡನ್ನು ಹಿಡಿದು, ಎದುರಾಳಿಯ ಎಸೆತವನ್ನು ತಡೆದು, ಇಡೀ ತಂಡಕ್ಕೆ ನಡುಗಂಬವಾಗುವ ಈ ಸ್ಥಾನಕ್ಕೆ ‘ಸೆಂಟರ್’ ಎನ್ನುತ್ತಾರೆ. ವಾಲ್ಟನ್ ನಿಂತ ನಡುಗಂಬದ ಬಲದಿಂದ 1977ರಲ್ಲಿ ಪೋರ್ಟ್‌ಲೆಂಡ್ ಪಟ್ಟವೇರಿತು. ಮರುವರ್ಷವೇ ಅವನ ಪಾದದ ಎಲುಬು ಮುರಿಯಿತು. 1979ರಲ್ಲಿ ಅವನು ಊರನ್ನೇ ಬಿಟ್ಟು ಬೇರೆ ತಂಡಕ್ಕೆ ಹೋದ. ಗೆಲುವಿನ ರುಚಿಯೂ ನಡುಗಂಬ ಮುರಿದ ದುಃಖವೂ ಒಟ್ಟೊಟ್ಟಿಗೆ ಆ ಊರಿನ ಮನಸ್ಸಿನಲ್ಲಿ ಉಳಿದವು. ಮುಂದೆ ನಡೆದುದೆಲ್ಲ ಈ ಒಂದು ನೆನಪಿನಿಂದ ನಡೆಯಿತೆಂದರೆ ಅತಿಶಯೋಕ್ತಿಯಾಗಲಾರದು.

1984ರಲ್ಲಿ ನಾಣ್ಯ ಚಿಮ್ಮಿದವರು ಹ್ಯೂಸ್ಟನ್ ಮತ್ತು ಪೋರ್ಟ್‌ಲೆಂಡ್. ಪೋರ್ಟ್‌ಲೆಂಡ್ ಆ ವರ್ಷ ಅಷ್ಟೇನೂ ಸೋತಿರಲಿಲ್ಲ. ಬಹಳ ಸೋತಿದ್ದ ಇಂಡಿಯಾನಾ ತಂಡದ ಸರದಿಯನ್ನು ಹಿಂದೆಯೇ ಒಂದು ವಿನಿಮಯದಲ್ಲಿ ಪಡೆದುಕೊಂಡಿತ್ತು. ನಾಣ್ಯ ಹ್ಯೂಸ್ಟನ್ನಿನ ಕಡೆಗೆ ಬಿದ್ದಿತು. ಅವರು ನೈಜೀರಿಯದ ಲಾಗೋಸ್ ನಗರದಿಂದ ಬಂದು ಹ್ಯೂಸ್ಟನ್ನಿನಲ್ಲೇ ಓದುತ್ತಿದ್ದ ಹಕೀಮ್ ಒಲಾಜುವಾನನನ್ನು ಆರಿಸಿದರು. ಇದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ. ಮುಂದೆ ಆತ ಆ ಊರಿಗೆ 1994 ಮತ್ತು 1995ರಲ್ಲಿ ಎರಡು ಪಟ್ಟಗಳನ್ನು ತಂದುಕೊಟ್ಟ. ಎರಡನೆಯ ಸರದಿ ಪೋರ್ಟ್‌ಲೆಂಡಿನದು. ಅವರ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಕೆಂಟಕಿಯ ಸ್ಯಾಮ್ ಬೋವಿ, ಏಳಡಿ ಒಂದು ಅಂಗುಲ, ಸೆಂಟರ್. ಇನ್ನೊಬ್ಬ ಉತ್ತರ ಕೆರೊಲಿನದ ಮೈಕೆಲ್ ಜೋರ್ಡನ್, ಆರಡಿ ಆರು ಅಂಗುಲ, ಹೊರಗಿನಿಂದ ನುಗ್ಗಿ ಆಡುವವನು.

ಹೊರಗಿನಿಂದ ನುಗ್ಗಿ ಆಡುವ ಹುಡುಗನೊಬ್ಬ ಪೋರ್ಟ್‌ಲೆಂಡಿನಲ್ಲಿ ಆಗಲೇ ಇದ್ದ. ಹಿಂದಿನ ವರ್ಷ ಹದಿನಾಲ್ಕನೆಯ ಸರದಿಯಲ್ಲಿ ದೊರೆತ ಕ್ಲೈಡ್ ಡ್ರೆಕ್ಸ್ಲರ್. ಮನೆಯಲ್ಲಿ ಒಂದು ತಂಬೂರಿ ಇರುವಾಗ ಮತ್ತೊಂದು ತಂಬೂರಿ ಏಕೆ, ಮೃದಂಗ ಕೊಳ್ಳೋಣ ಎಂಬ ಲೆಕ್ಕ. ಅವರು ಬೋವಿಯನ್ನು ಆರಿಸಿದರು. ಮೂರನೆಯ ಸರದಿಯ ಶಿಕಾಗೋ ನಗರ ಜೋರ್ಡನನನ್ನು ತೆಗೆದುಕೊಂಡಿತು. ಅಲ್ಲಿಯೂ ಸಂಭ್ರಮವಿರಲಿಲ್ಲ ಎಂಬುದನ್ನು ಈಚಿನವರು ಮರೆತಿದ್ದಾರೆ. ತಂಡದ ವ್ಯವಸ್ಥಾಪಕರಾಗಿದ್ದ ರಾಡ್ ಥಾರ್ನ್, ಇವನು ಏಳಡಿ ಎತ್ತರವಿದ್ದಿದ್ದರೆ ಚೆನ್ನಾಗಿತ್ತು, ಏನು ಮಾಡುವುದು ಎಂಬರ್ಥದ ಮಾತನ್ನೇ ಪತ್ರಿಕೆಯವರಿಗೆ ಹೇಳಿದರು. ಇವನೊಬ್ಬನಿಂದಲೇ ತಂಡದ ದೆಸೆ ತಿರುಗುವುದಿಲ್ಲವೆಂದೂ ಸೇರಿಸಿದರು. ಆ ಹುಡುಗ ಮುಂದೆ ಶಿಕಾಗೋಗೆ ಆರು ಪಟ್ಟಗಳನ್ನು ಗೆದ್ದುಕೊಟ್ಟ. ಹೀಗಿರುವಾಗ ಶಿಕಾಗೋದವರನ್ನು ದೂರದೃಷ್ಟಿಯುಳ್ಳವರೆಂದು ಹೊಗಳುವುದೂ ಪೋರ್ಟ್‌ಲೆಂಡಿನವರನ್ನು ಕುರುಡರೆಂದು ಹಳಿಯುವುದೂ ನ್ಯಾಯವಾಗದು. ಇಬ್ಬರ ಕಣ್ಣೂ ಏಳಡಿಯ ಮೇಲೆಯೇ ಇದ್ದಿತು. ಒಬ್ಬರಿಗೆ ಅದು ಸಿಕ್ಕಿತು, ಇನ್ನೊಬ್ಬರಿಗೆ ಸಿಕ್ಕಲಿಲ್ಲ.

ಆದರೂ ಪೋರ್ಟ್‌ಲೆಂಡಿನವರ ಪಾಲಿನ ತಪ್ಪು ಅಳಿಸಿಹೋಗುವುದಿಲ್ಲ. ಬೋವಿ ಕಾಲೇಜಿನಲ್ಲಿದ್ದಾಗಲೇ ಮೊಣಕಾಲಿನ ಕೆಳಗಿನ ಎಲುಬು ಬಿರುಕು ಬಿಟ್ಟು ಎರಡು ವರ್ಷ ಆಟದಿಂದ ದೂರ ಉಳಿದಿದ್ದ. ಇದು ಗುಟ್ಟೇನೂ ಆಗಿರಲಿಲ್ಲ. ಆದ್ದರಿಂದಲೇ ಪೋರ್ಟ್‌ಲೆಂಡಿನ ವೈದ್ಯರು ಗಂಟೆಗಟ್ಟಲೆ ಅವನನ್ನು ಪರೀಕ್ಷಿಸಿದರು. ಆ ಪರೀಕ್ಷೆಯ ಒಂದು ಸಂಗತಿ ಹೊರಗೆ ಬಂದದ್ದು ಇಪ್ಪತ್ತೆಂಟು ವರ್ಷಗಳ ನಂತರ, 2012ರಲ್ಲಿ, ಬೋವಿಯ ಬಾಯಿಂದಲೇ. ವೈದ್ಯರು ಸಣ್ಣ ಸುತ್ತಿಗೆಯಿಂದ ಎಡಗಾಲಿನ ಆ ಎಲುಬನ್ನು ತಟ್ಟಿ ನೋವಾಗುವುದೇ ಎಂದು ಕೇಳಿದರಂತೆ. ಇಲ್ಲವೆಂದು ಆತ ಹೇಳಿದನಂತೆ. ಒಳಗೆ ನೋಯುತ್ತಿತ್ತು.

ಇದನ್ನು ಸುಳ್ಳೆಂದು ಕರೆಯುವವರು ಕರೆಯಲಿ. ಹೊರಗೆ ಇಡೀ ಜೀವಮಾನದ ಅನ್ನ ಕಾದು ಕುಳಿತಿದೆ. ಒಳಗೆ ಒಂದು ಸುತ್ತಿಗೆ, ಒಂದು ಪ್ರಶ್ನೆ. ಎರಡು ವರ್ಷ ಊರುಗೋಲಿನ ಸಹವಾಸ ಮಾಡಿದ ಇಪ್ಪತ್ತಮೂರರ ಹುಡುಗ ಹೌದು, ನೋಯುತ್ತದೆ ಎಂದಾನೆಯೆ? ಉದ್ಯೋಗಕ್ಕೆ ಸೇರುವ ಮುನ್ನ ವೈದ್ಯರ ಮುಂದೆ ಎದೆಯುಬ್ಬಿಸಿ ನಿಂತ ಯಾವ ಗುಮಾಸ್ತನೂ ಬೋವಿಗೆ ಕಲ್ಲೆಸೆಯಲಾರ. ಮೊದಲ ವರ್ಷ ಆತ 76 ಪಂದ್ಯಗಳನ್ನು ಆಡಿದ. ಎರಡನೆಯ ವರ್ಷ 38, ಮೂರನೆಯ ವರ್ಷ 5, ನಾಲ್ಕನೆಯ ವರ್ಷ ಒಂದೂ ಇಲ್ಲ. ಐದು ವರ್ಷದಲ್ಲಿ ಪೋರ್ಟ್‌ಲೆಂಡಿಗಾಗಿ ಆಡಿದ್ದು ಒಟ್ಟು 139. ಒಂದು ವರ್ಷಕ್ಕೆ 82 ಪಂದ್ಯಗಳಿರುವ ಆಟ ಅದು.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕು. ಜೋರ್ಡನನ ಎಲುಬೂ ಮುರಿದಿತ್ತು. ತನ್ನ ಎರಡನೆಯ ವರ್ಷದ ಮೂರನೆಯ ಪಂದ್ಯದಲ್ಲಿ ಎಡಪಾದದ ಎಲುಬು ಮುರಿದು ಆತ 64 ಪಂದ್ಯಗಳನ್ನು ಕಳೆದುಕೊಂಡ. ಆದರೆ ಅದು ಕೂಡಿಕೊಂಡಿತು. 1986ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಬಲಿಷ್ಠ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ 63 ಅಂಕ ಗಳಿಸಿದ. ಒಬ್ಬನ ಎಲುಬು ಕೂಡಿಕೊಂಡಿತು, ಒಬ್ಬನದು ಕೂಡಿಕೊಳ್ಳಲಿಲ್ಲ. ಇದನ್ನು ಯಾವ ಪರೀಕ್ಷಕ, ಯಾವ ಅಳತೆಪಟ್ಟಿಯಿಂದ ಮೊದಲೇ ಅಳೆದಾನು? 1992ರ ಅಂತಿಮ ಸರಣಿಯಲ್ಲಿ ಶಿಕಾಗೋವನ್ನು ಎದುರಿಸಿ ಸೋತದ್ದು ಪೋರ್ಟ್‌ಲೆಂಡೇ. ಅವರ ನಾಯಕಮಣಿ ಅದೇ ಡ್ರೆಕ್ಸ್ಲರ್.

ಇಪ್ಪತ್ತಮೂರು ವರ್ಷ ಕಳೆಯಿತು. 2007ರಲ್ಲಿ ಚೀಟಿಯ ದೇವತೆ ಮತ್ತೆ ಪೋರ್ಟ್‌ಲೆಂಡಿನ ಕಡೆ ನೋಡಿದಳು. ಮೊದಲ ಸರದಿ ಸಿಗುವ ಸಂಭವ ಅವರಿಗೆ ನೂರರಲ್ಲಿ 5.3ರಷ್ಟಿದ್ದರೂ ಸಿಕ್ಕಿತು. ಈ ಸಲವೂ ಇಬ್ಬರು. ಈ ಸಲವೂ ಒಬ್ಬ ಏಳಡಿಯ ಸೆಂಟರ್, ಇನ್ನೊಬ್ಬ ಹೊರಗಿನಿಂದ ಚೆಂಡೆಸೆಯುವವನು. ವಿಧಿಗೆ ಹೊಸ ಕಥಾವಸ್ತು ಹೊಳೆಯದಿದ್ದಾಗ ಹಳೆಯದನ್ನೇ ತಿರುಗಿ ಬರೆಯುವ ಚಾಳಿಯಿರಬೇಕು.

ಏಳಡಿಯವನ ಹೆಸರು ಗ್ರೆಗ್ ಓಡೆನ್. ಇಂಡಿಯಾನಪೊಲಿಸ್ ನಗರದ ಶಾಲೆಯಲ್ಲಿ ಬೆಳೆದು, ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಒಂದೇ ವರ್ಷ ಆಡಿದ್ದ. ಆ ವರ್ಷ ಬಲಗೈ ಮಣಿಕಟ್ಟಿನ ಶಸ್ತ್ರಕ್ರಿಯೆಯಿಂದ ಚೇತರಿಸಿಕೊಳ್ಳುತ್ತಿದ್ದುದರಿಂದ, ತಡೆಯಿಲ್ಲದೆ ಎಸೆಯುವ ದಂಡದೆಸೆತಗಳನ್ನು ಎಡಗೈಯಿಂದ ಎಸೆಯುತ್ತಿದ್ದ. ಹಾಗಿದ್ದೂ ತಂಡವನ್ನು ರಾಷ್ಟ್ರೀಯ ಅಂತಿಮ ಪಂದ್ಯದವರೆಗೆ ಕೊಂಡೊಯ್ದ. ಫ್ಲಾರಿಡಾದ ವಿರುದ್ಧ ಆ ಪಂದ್ಯ ಸೋತರೂ ಅವನೊಬ್ಬನೇ 25 ಅಂಕ ಗಳಿಸಿದ. ಮುಖದಲ್ಲಿ ವಯಸ್ಸಿಗೆ ಮೀರಿದ ಗಾಂಭೀರ್ಯ. ಹತ್ತೊಂಬತ್ತರ ಹುಡುಗನೆಂದರೆ ನಂಬುವುದು ಕಷ್ಟ. ಹಿಂದಿನ ಕಾಲದ ಮಹಾ ಸೆಂಟರ್ ಬಿಲ್ ರಸೆಲರೊಡನೆ ಅವನನ್ನು ಹೋಲಿಸಿದರು.

ಇನ್ನೊಬ್ಬ ಕೆವಿನ್ ಡ್ಯುರಾಂಟ್, ಟೆಕ್ಸಾಸ್ ವಿಶ್ವವಿದ್ಯಾನಿಲಯದವನು, ಹದಿನೆಂಟು ವರ್ಷ. ಆರಡಿ ಒಂಬತ್ತು ಅಂಗುಲದ ಕಡ್ಡಿ ದೇಹ. ಆ ವರ್ಷ ಪಂದ್ಯಕ್ಕೆ ಸರಾಸರಿ 25.8 ಅಂಕ ಗಳಿಸಿ, ಕಾಲೇಜು ಆಟಗಾರರಿಗೆ ಸಲ್ಲುವ ಅತ್ಯುನ್ನತ ಪ್ರಶಸ್ತಿಗಳನ್ನು ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದಾಗಲೇ ಪಡೆದಿದ್ದ. ಅದುವರೆಗೆ ಯಾರಿಗೂ ಸಾಧ್ಯವಾಗಿರಲಿಲ್ಲ. ಆದರೆ ಭಾರ ಎತ್ತುವ ಪರೀಕ್ಷೆಯಲ್ಲಿ ಏನಾಯಿತೆಂದರೆ, ಬೆನ್ನ ಮೇಲೆ ಮಲಗಿ ಎತ್ತಬೇಕಾದ 185 ಪೌಂಡಿನ ಕಬ್ಬಿಣವನ್ನು ಒಂದು ಸಲವೂ ಎತ್ತಲಾರದೆ ಹೋದ. ಉಳಿದವರು ಹತ್ತಾರು ಸಲ ಎತ್ತಿದ್ದ ಭಾರ. ವಾರಗಟ್ಟಲೆ ಇದೇ ಮಾತು. ಬ್ಯಾಸ್ಕೆಟ್‌ಬಾಲ್ ಚೆಂಡಿನ ತೂಕ ಒಂದೂಕಾಲು ಪೌಂಡಿನ ಆಸುಪಾಸು ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾದಂತೆ ಕಾಣಲಿಲ್ಲ.

ಜೂನ್ 28ರಂದು ಪೋರ್ಟ್‌ಲೆಂಡ್ ಓಡೆನನನ್ನು ಆರಿಸಿತು. ಸಿಯಾಟಲ್ ಡ್ಯುರಾಂಟನನ್ನು ತೆಗೆದುಕೊಂಡಿತು. ಸೆಪ್ಟೆಂಬರಿನಲ್ಲಿ, ಒಂದು ಪಂದ್ಯವನ್ನೂ ಆಡುವ ಮೊದಲೇ, ಓಡೆನನ ಬಲಮೊಣಕಾಲಿನ ಮೃದ್ವಸ್ಥಿಗೆ ಶಸ್ತ್ರಕ್ರಿಯೆಯಾಯಿತು. ಆ ವರ್ಷವೆಲ್ಲ ಹೋಯಿತು. ಮರುವರ್ಷ 61 ಪಂದ್ಯ. ಅದರ ಮರುವರ್ಷ 21ನೆಯ ಪಂದ್ಯದಲ್ಲಿ, 2009ರ ಡಿಸೆಂಬರ್ 5ರಂದು, ನೆಗೆದು ಕೆಳಗಿಳಿದವನು ಏಳಲಿಲ್ಲ. ಎಡಮೊಣಕಾಲಿನ ಚಿಪ್ಪು ಒಡೆದಿತ್ತು. ಆಮೇಲೆ ಮತ್ತಷ್ಟು ಶಸ್ತ್ರಕ್ರಿಯೆಗಳು. ಪೋರ್ಟ್‌ಲೆಂಡಿಗಾಗಿ ಅವನು ಆಡಿದ್ದು ಒಟ್ಟು 82 ಪಂದ್ಯ. ಆರೋಗ್ಯವಂತನಾದ ಆಟಗಾರನ ಒಂದು ವರ್ಷದ ದುಡಿಮೆ! ನಾಲ್ಕು ವರ್ಷದ ನಂತರ ಮಯಾಮಿಯಲ್ಲಿ 23 ಪಂದ್ಯಗಳನ್ನು ಆಡಿ ಎನ್.ಬಿ.ಎ. ಆಟವನ್ನು ಮುಗಿಸಿದ. ಇತ್ತ ಡ್ಯುರಾಂಟ್ 2014ರಲ್ಲಿ ವರ್ಷದ ಶ್ರೇಷ್ಠ ಆಟಗಾರನಾದ. 2017, 2018ರಲ್ಲಿ ಪಟ್ಟ ಗೆದ್ದ. 2019ರಲ್ಲಿ ಹಿಮ್ಮಡಿಯ ಸ್ನಾಯು ಹರಿದು ಒಂದು ವರ್ಷ ಮೂಲೆ ಹಿಡಿದರೂ ಮತ್ತೆ ಎದ್ದು ಬಂದು, 2025ರಲ್ಲಿ ವೃತ್ತಿಜೀವನದ 30,000ನೆಯ ಅಂಕವನ್ನು ದಾಟಿದ.

ಜನ 1984ನ್ನೂ 2007ನ್ನೂ ಒಂದೇ ದಾರದಲ್ಲಿ ಪೋಣಿಸಿ ಪೋರ್ಟ್‌ಲೆಂಡಿನ ಕೊರಳಿಗೆ ಹಾಕಿ ನಗುತ್ತಾರೆ. ಆದರೆ ಎರಡೂ ಒಂದೇ ಜಾತಿಯ ತಪ್ಪುಗಳಲ್ಲ. ಮೊದಲನೆಯ ಸಲ ಅವರು ಆರಿಸಿದ್ದು ಹುಡುಗನನ್ನಲ್ಲ, ಖಾಲಿಯಿದ್ದ ಜಾಗವನ್ನು. ಎದುರಿಗೆ ನಿಂತವನಲ್ಲಿ ಏನಿದೆ ಎಂದು ನೋಡುವ ಬದಲು ಮನೆಯಲ್ಲಿ ಏನಿಲ್ಲ ಎಂದು ನೋಡಿದರು. ಬಿರುಕಿನ ಎಲುಬು ಗೊತ್ತಿದ್ದೂ ನೋಡಿದರು. ಎರಡನೆಯ ಸಲ ಹಾಗಾಗಲಿಲ್ಲ. ಓಡೆನ್ ಅವರ ಕೈಗೆ ಬರದೆ ಬೇರೆ ಊರಿಗೆ ಮೊದಲ ಸರದಿ ದೊರೆತಿದ್ದರೂ ಬಹುಪಾಲು ಊರುಗಳು ಅವನನ್ನೇ ಆರಿಸುತ್ತಿದ್ದವು. ಅವನ ಆಟದ ಬಗ್ಗೆ ಮಾಡಿದ ತೀರ್ಮಾನ ಸುಳ್ಳಾಗಲಿಲ್ಲ. ಆಟವನ್ನು ಹೊರಬೇಕಾದ ಕಾಲುಗಳು ಸುಳ್ಳಾದವು. ಕೆಟ್ಟ ತೀರ್ಮಾನವನ್ನೂ ಕೆಟ್ಟ ಅದೃಷ್ಟವನ್ನೂ ಒಂದೇ ಹೆಸರಿನಿಂದ ಕರೆಯುವುದು ಆಟ ಮುಗಿದ ಮೇಲೆ ಪತ್ರಿಕೆ ಓದುವವರ ಸುಖಗಳಲ್ಲೊಂದು.

ಇನ್ನು ದೇಹವೊಂದೇ ಅಲ್ಲ, ಬಿತ್ತಿದ ಮಣ್ಣೂ ಲೆಕ್ಕಕ್ಕೆ ಬರುತ್ತದೆ. 2003ರಲ್ಲಿ ಡೆಟ್ರಾಯಿಟ್ ನಗರ ಎರಡನೆಯ ಸರದಿಯಲ್ಲಿ ಸರ್ಬಿಯಾದ ಡಾರ್ಕೊ ಮಿಲಿಚಿಚ್ ಎಂಬ ಹದಿನೆಂಟರ ಬಾಲಕನನ್ನು ಆರಿಸಿತು. ಅವನ ನಂತರದ ಮೂರು ಸರದಿಗಳಲ್ಲಿ ಹೋದವರು ಕಾರ್ಮೆಲೊ ಆಂಥೊನಿ, ಕ್ರಿಸ್ ಬಾಶ್, ಡ್ವೇನ್ ವೇಡ್, ಮೂವರೂ ಪ್ರಖ್ಯಾತರಾದರು. ಡೆಟ್ರಾಯಿಟ್ ಮಾತ್ರ ಆಗಲೇ ಬಲಿಷ್ಠ ತಂಡ, ಮರುವರ್ಷ ಪಟ್ಟವನ್ನೇ ಗೆದ್ದಿತು. ಪಟ್ಟಕ್ಕೆ ಹೋರಾಡುವ ಮನೆಯಲ್ಲಿ ಬಾಲಕನಿಗೆ ತಪ್ಪು ಮಾಡಿ ಕಲಿಯಲು ಬಿಡುವೆಲ್ಲಿ? ಬೆಂಚಿನ ಮೇಲೆ ಕುಳಿತು ಕುಳಿತು ಅವನ ಆಟವೂ ಮನಸ್ಸೂ ಬಾಡಿದವು. ಊರೂರು ಸುತ್ತಿ, ಕೊನೆಗೆ ತಾಯ್ನಾಡಿಗೆ ಮರಳಿ ಸೇಬಿನ ತೋಟ ಮಾಡಿಕೊಂಡ.

ಅದೇ ಸರ್ಬಿಯಾದ ಸೊಂಬೋರ್ ಎಂಬ ಊರಿನ ನಿಕೋಲಾ ಯೋಕಿಚ್‌ನದು ತದ್ವಿರುದ್ಧ ಕತೆ. ದಪ್ಪಗೆ, ಮೆಲ್ಲಗೆ, ಹೆಚ್ಚು ನೆಗೆಯಲಾರದ ಹುಡುಗ. ಅಳತೆಪಟ್ಟಿ ಹಿಡಿದವರು ಮೆಚ್ಚುವಂಥದು ಅವನಲ್ಲಿ ಎತ್ತರವೊಂದನ್ನುಳಿದು ಏನೂ ಇರಲಿಲ್ಲ. 2014ರಲ್ಲಿ ಡೆನ್ವರ್ ತಂಡ ಅವನನ್ನು 41ನೆಯ ಸರದಿಯಲ್ಲಿ ಆರಿಸಿತು. ಆ ಕ್ಷಣದಲ್ಲಿ ದೂರದರ್ಶನದ ಪರದೆಯ ಮೇಲೆ ತಿಂಡಿಯ ಜಾಹೀರಾತು ಓಡುತ್ತಿತ್ತು. ಅವನು ತನ್ನ ಮನೆಯಲ್ಲಿ ನಿದ್ದೆ ಹೋಗಿದ್ದ. 2021, 2022, 2024ರಲ್ಲಿ, ಮೂರು ಸಲ, ಆತನೇ ವರ್ಷದ ಶ್ರೇಷ್ಠ ಆಟಗಾರ. 2023ರಲ್ಲಿ ಡೆನ್ವರಿಗೆ ಪಟ್ಟ. ಅಂಗಳದಲ್ಲಿರುವ ಹತ್ತು ಮಂದಿ ಮುಂದಿನ ನಿಮಿಷದಲ್ಲಿ ಎಲ್ಲಿರುತ್ತಾರೆಂದು ಈಗಲೇ ಕಾಣುವ ಕಣ್ಣು, ಅಲ್ಲಿಗೆ ಚೆಂಡು ಕಳುಹಿಸುವ ಬೆರಳು. ಇದಕ್ಕೆ ಅಡಿಯಿಲ್ಲ, ಅಂಗುಲವಿಲ್ಲ, ಪೌಂಡಿಲ್ಲ. ಡೆನ್ವರಿನವರಿಗೂ ಅದು ಪೂರ್ತಿ ಕಂಡಿರಲಿಲ್ಲ. ಕಂಡಿದ್ದರೆ 40 ಸರದಿಗಳವರೆಗೆ ಸುಮ್ಮನಿರುತ್ತಿದ್ದರೆ?

ಈ ತಕ್ಕಡಿಯಲ್ಲಿ ಭಾರತದ ಹುಡುಗನೊಬ್ಬನೂ ಕುಳಿತದ್ದುಂಟು. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್, ಏಳಡಿ ಎರಡು ಅಂಗುಲ. 2015ರಲ್ಲಿ ಡಲ್ಲಾಸ್ ತಂಡ ಅವನನ್ನು 52ನೆಯ ಸರದಿಯಲ್ಲಿ ಕರೆಯಿತು. ಭಾರತೀಯನೊಬ್ಬನಿಗೆ ಅಂಥ ಕರೆ ಬಂದದ್ದು ಅದೇ ಮೊದಲು. ಆದರೆ ಎರಡನೆಯ ಸುತ್ತಿನವರಿಗೆ ಸಂಬಳದ ಖಾತರಿಯೂ ಇಲ್ಲ, ಸ್ಥಾನದ ಖಾತರಿಯೂ ಇಲ್ಲ. ಕಿರಿಯ ತಂಡದಲ್ಲಿ ಎರಡು ವರ್ಷ ಬೆವರು ಸುರಿಸಿದರೂ ಹಿರಿಯ ತಂಡದ ಒಂದು ಪಂದ್ಯವೂ ದೊರೆಯಲಿಲ್ಲ. ಮುಂದೆ ಕುಸ್ತಿಯ ಅಖಾಡಕ್ಕೆ ಇಳಿದ. ಅವನನ್ನು ಯಾರೂ ಇನ್ನೊಬ್ಬನೊಡನೆ ಹೋಲಿಸಿ ಹಳಿಯಲಿಲ್ಲ. 52ನೆಯ ಸರದಿಯ ಕರುಣೆ ಅದು.

ಆ ಕರುಣೆ ಓಡೆನನಿಗೆ ಇರಲಿಲ್ಲ. ಡ್ಯುರಾಂಟನ ಪಕ್ಕದಲ್ಲಿ ನಿಲ್ಲಿಸಿ ಅಳೆಯಿರೆಂದು ಅವನೇನೂ ಅರ್ಜಿ ಹಾಕಿರಲಿಲ್ಲ. ಒಂದು ರಾತ್ರಿ ಒಂದರ ಹಿಂದೆ ಒಂದು ಹೆಸರು ಕೂಗಿದರು. ಅಂದಿನಿಂದ ಡ್ಯುರಾಂಟ್ ಗಳಿಸಿದ ಒಂದೊಂದು ಅಂಕವೂ ಓಡೆನನ ಲೆಕ್ಕದಲ್ಲಿ ಸಾಲವಾಗಿ ಬರೆಯಲ್ಪಟ್ಟಿತು. ಒಂದೇ ವಠಾರದ ಇಬ್ಬರು ಹುಡುಗರಲ್ಲಿ ಒಬ್ಬನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿ ಇನ್ನೊಬ್ಬನಿಗೆ ಸಿಕ್ಕದಿದ್ದರೆ, ಎರಡನೆಯವನ ತಾಯಿ ನಲ್ಲಿಯ ಹತ್ತಿರ ಎಷ್ಟು ವರ್ಷ ತಲೆ ತಗ್ಗಿಸಿ ನೀರು ಹಿಡಿಯಬೇಕಾಗುತ್ತದೆಂಬುದು ಓದುಗರಿಗೆ ತಿಳಿಯದ ಸಂಗತಿಯಲ್ಲ. ಇಲ್ಲಿ ವಠಾರವೆಂದರೆ ಇಡೀ ಅಮೆರಿಕ. ಎನ್.ಬಿ.ಎ. ಚರಿತ್ರೆಯಲ್ಲೇ ಅತಿ ದೊಡ್ಡ ನಿರಾಶೆಯೆಂದು ತನ್ನನ್ನು ನೆನೆಯುತ್ತಾರೆ, ಅದಕ್ಕೆ ತಾನು ಮಾಡುವಂಥದೇನೂ ಇಲ್ಲ ಎಂಬರ್ಥದಲ್ಲಿ ಓಡೆನನೇ 2016ರಲ್ಲಿ ಹೇಳಿಕೊಂಡ. ಕೋಪವಿಲ್ಲದ ಮಾತು. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಬೇರೆ ವೃತ್ತಿಗಳಲ್ಲಿ ಮನುಷ್ಯ ಕೆಲಸ ಕಲಿಯಲು ಆರಂಭಿಸುವ ವಯಸ್ಸು.

ಒಂದೇ ವರ್ಷಕ್ಕೆ ಬಿಟ್ಟುಹೋಗಿದ್ದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಆತ ಮರಳಿ ಸೇರಿದ್ದ. ತನಗಿಂತ ಹತ್ತು ವರ್ಷ ಚಿಕ್ಕವರ ನಡುವೆ ಏಳಡಿಯ ವಿದ್ಯಾರ್ಥಿ ಬೆಂಚಿನಲ್ಲಿ ಕುಳಿತು ಪಾಠ ಕೇಳಿದ. 2019ರಲ್ಲಿ ಪದವೀಧರನಾದ. 2022ರಲ್ಲಿ ತಾನು ಬೆಳೆದ ಸೀಮೆಯ ಇಂಡಿಯಾನಪೊಲಿಸ್‌ಗೇ ಬಂದು, ಬಟ್ಲರ್ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ತಂಡದ ವ್ಯವಸ್ಥೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಆಗ ಅಲ್ಲಿ ತರಬೇತುದಾರರಾಗಿದ್ದವರು ಥ್ಯಾಡ್ ಮಾಟಾ. ಒಹಾಯೊದಲ್ಲಿ ಎಡಗೈಯಿಂದ ಚೆಂಡೆಸೆಯುತ್ತಿದ್ದ ಹುಡುಗನನ್ನು ಆಡಿಸಿದವರೂ ಅವರೇ. ಹಳೆಯ ಶಿಷ್ಯನನ್ನು ಕರೆಯುವಾಗ ಅವರು ಅವನ ಎತ್ತರವನ್ನು ಅಳೆಯಲಿಲ್ಲ, ಮೊಣಕಾಲನ್ನು ತಟ್ಟಿ ನೋಡಲಿಲ್ಲ.